ಹಳಿಯಾಳದಲ್ಲಿ ನನಗೆ ಸಿಗದ ಮನೆ

ನಿವೃತ್ತಿಗೆ ಏಳು ತಿಂಗಳು ಉಳಿದಿದ್ದಾಗ ನಾನು ಮನೆ ಹುಡುಕಲು ಹೊರಟೆ. ಅಲ್ಲಿಯವರೆಗೆ ಸ್ವಂತ ಮನೆಯಲ್ಲಿ ಒಂದು ದಿನವೂ ಮಲಗಿದವಳಲ್ಲ. ನನ್ನದು ನರ್ಸಿನ ಕೆಲಸ. ಮೊದಲು ಜೋಯಿಡಾ ಕಡೆಯ ಕಾಡಿನ ಊರುಗಳಲ್ಲಿ, ಆಮೇಲೆ ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿ. ಎಲ್ಲಿ ಹೋದರೂ ಸರಕಾರದ ಕ್ವಾರ್ಟರ್ಸು, ಹಿಂದಿನವರು ಗೋಡೆಗೆ ಹೊಡೆದುಹೋದ ಮೊಳೆಗಳು. ಮಗಳು ಚಿಕ್ಕವಳಿದ್ದಾಗಲೇ ಗಂಡ ತೀರಿಕೊಂಡಿದ್ದರು. ಅವಳೂ ಮದುವೆಯಾಗಿ ಬೆಳಗಾವಿ ಸೇರಿದ್ದಳು.

ನನಗೆ ಮನೆ ಇರಲಿಲ್ಲ ನಿಜ, ಆದರೆ ನಾನು ನೋಡಿದಷ್ಟು ಮನೆಗಳನ್ನು ಗೋಡೆ ಕಟ್ಟುವ ಗವಂಡಿಯೂ ನೋಡಿರಲಿಕ್ಕಿಲ್ಲ. ಪಡಸಾಲೆಯಲ್ಲಿ ಕೂತು ಎದ್ದು ಬರುವ ಅತಿಥಿಯ ಹಾಗಲ್ಲ. ಬಾಣಂತಿಯ ಕೋಣೆ, ಮುದುಕರು ಹಾಸಿಗೆ ಹಿಡಿದ ಮೂಲೆ, ಬಚ್ಚಲು, ಎಲ್ಲವನ್ನೂ. ಅಣಶಿಯ ಹತ್ತಿರದ ಒಂದು ಮನೆಯಲ್ಲಿ ರಕ್ತಸ್ರಾವ ನಿಲ್ಲದ ಬಾಣಂತಿಯನ್ನು ಮಂಚದ ಸಮೇತ ಜೀಪಿನವರೆಗೆ ಒಯ್ಯಬೇಕಾಗಿತ್ತು. ಬಾಗಿಲು ಇಕ್ಕಟ್ಟು. ಮಂಚವನ್ನು ಅಡ್ಡ ಮಾಡಿದರೂ, ಓರೆ ಮಾಡಿದರೂ ಹೊರಗೆ ಬರಲಿಲ್ಲ. ಕೊನೆಗೆ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡೆವು. ಅವಳು ಬದುಕಿದಳು. ಆದರೆ ಆ ಹೊಸ್ತಿಲಲ್ಲಿ ಕಳೆದ ಹೊತ್ತು ನನ್ನ ಎದೆಯಲ್ಲಿ ಹಾಗೆಯೇ ಉಳಿಯಿತು. ಹೀಗಾಗಿ ನನಗೆ ಬೇಕಾದದ್ದು ಏನೆಂದು ನನಗೆ ಗೊತ್ತಿತ್ತು: ಅಗಲವಾದ ಬಾಗಿಲು, ಮಲಗುವ ಕೋಣೆಯ ಪಕ್ಕದಲ್ಲೇ ಬಚ್ಚಲು, ಬೆಳಗಿನ ಬಿಸಿಲು, ಬಾಗಿಲಿನವರೆಗೆ ಗಾಡಿ ಬರುವ ದಾರಿ.

ದಾಂಡೇಲಿಯಲ್ಲಿ ಬ್ಲೌಸ್ ಹೊಲಿಯುವ ನನ್ನ ತಂಗಿ ರವಿವಾರ ನನ್ನ ಜೊತೆ ಬರುತ್ತಿದ್ದಳು. ಅವಳ ಟೇಪಿನಿಂದಲೇ ನಾನು ಬಾಗಿಲು ಅಳೆಯುತ್ತಿದ್ದೆ.

"ಅಕ್ಕಾ, ನೀ ಮನಿ ನೋಡಾಕ ಬಂದೀಯೋ, ಪೇಶಂಟ್ ನೋಡಾಕ ಬಂದೀಯೋ?" ಎಂದು ನಗುತ್ತಿದ್ದಳು.

ಮೊದಲು ನೋಡಿದ್ದು ದಾಂಡೇಲಿಯ ಒಂದು ಹೊಸ ಮನೆ. ಕಾಲು ಜಾರುವಂಥ ಟೈಲ್ಸು, ಮೂರು ಮೆಟ್ಟಿಲು ಹತ್ತಿ ಹೋಗಬೇಕಾದ ಬಚ್ಚಲು. ಮಾರುವವನು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಇಣುಕಿ ನೋಡಿದ.

"ಯಜಮಾನ್ರು ಬರಲಿಲ್ರಿ?"

"ಅವರು ಇಲ್ಲ."

"ಹಂಗಾದ್ರ ಮಾತು ಯಾರ ಜೋಡಿ ಆಡೂದು?"

"ನನ್ನ ಜೋಡೀನ ಆಡ್ರಿ."

ಅವನು ಆಡಲಿಲ್ಲ. ನೀರು ಕುಡಿಯಲು ಒಳಗೆ ಬಂದಿದ್ದ ನಮ್ಮ ಆಟೋದವನಿಗೆ ಬೋರಿನ ಆಳ, ಕಾಗದಪತ್ರ ಎಲ್ಲವನ್ನೂ ವಿವರಿಸಿದ. ಆಟೋದವನು ಪಾಪ, ಲೋಟ ಹಿಡಿದುಕೊಂಡು ತಲೆಯಾಡಿಸುತ್ತಾ ನಿಂತಿದ್ದ.

ಹಳಿಯಾಳದ ಮನೆ ಹಾಗಿರಲಿಲ್ಲ. ಓಣಿಯ ಮೂಲೆಯಲ್ಲಿ, ಹಳೆಯದಾದರೂ ಗಟ್ಟಿಮುಟ್ಟಾಗಿತ್ತು. ಬಾಗಿಲ ಚೌಕಟ್ಟು ಅಳೆದಾಗ ತಂಗಿಗೂ ನಗು ಬರಲಿಲ್ಲ. ಮಂಚ ಸಲೀಸಾಗಿ ಹೋಗುವಷ್ಟು ಅಗಲವಿತ್ತು. ಪಕ್ಕದ ಮನೆಯಲ್ಲಿದ್ದ ಹಿರಿಯರೊಬ್ಬರು ಅದನ್ನು ಮಾರುತ್ತಿದ್ದರು. ಅವರ ತಮ್ಮ ಧಾರವಾಡಕ್ಕೆ ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಕೀಲಿ ತೆಗೆದುಕೊಂಡು ಬಂದ ಅವರ ಸೊಸೆ ನನ್ನ ಮುಖ ನೋಡಿ ಅಲ್ಲೇ ನಿಂತಳು.

"ಸಿಸ್ಟರ್, ನೀವಽ?"

ಅವಳ ತವರು ನಾನು ಕೆಲಸ ಮಾಡಿದ ಹಳ್ಳಿ. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಬಂದಿದ್ದಳು. ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು, ಹುಟ್ಟಿದಾಗ ಅಳಲಿಲ್ಲ. ಬಾಯಿಯ ಲೋಳೆ ತೆಗೆದು, ಬೆನ್ನು ಉಜ್ಜಿ ಉಜ್ಜಿ, ನನ್ನ ಕೈ ಸೋತುಹೋದ ಮೇಲೆ ಅದು ಸಣ್ಣಗೆ ದನಿ ತೆಗೆದಿತ್ತು. ಆ ಮಗು ಈಗ ಎಂಟನೇ ಇಯತ್ತೆಯ ಹುಡುಗಿ. ತಾಯಿ ಅವಳನ್ನು ಕರೆದು ನನ್ನ ಕಾಲಿಗೆ ನಮಸ್ಕಾರ ಮಾಡಿಸಿದಳು. ಹಿರಿಯರಿಗೂ ನೆನಪಾಯಿತು. ಹೆಸರಿಡುವ ದಿನ ಬೀಗರ ಮನೆಗೆ ಬಂದಾಗ ನನಗೆ ಕೈಮುಗಿದು, "ಬಾಯಾರ, ನಮ್ಮನಿ ನಿಮ್ಮನಿ ಅಂತ ತಿಳೀರಿ" ಎಂದಿದ್ದವರು ಅವರು.

"ನಿಮಗಲ್ಲದ ಇನ್ಯಾರಿಗೆ ಕೊಡೂದ್ರಿ?" ಎಂದರು. "ಮುಂದಿನ ಐತವಾರ ಬರ್ರಿ. ಸಂಚಕಾರದ ರೊಕ್ಕ ಕೊಟ್ಟು ಮಾತು ಮುಗಸೂಣು."

ಚಹಾ ಬಂತು. ಅರ್ಧ ಕುಡಿದಿದ್ದೆ.

"ನಿಮ್ಮ ಮೂಲ ಊರು ಯಾವದ್ರಿ?"

"ಮುಂಡಗೋಡ ಕಡೆ, ಮಳಗಿ ಹತ್ರ."

"ಹೌದ್ರಿ? ಅಲ್ಲಿ ನಮ್ಮ ಮಂದಿ ಭಾಳ ಅದಾರ. ಅಡ್ಡಹೆಸರು ಏನ್ರಿ?"

ಸೊಸೆ ತಟ್ಟನೆ ಎದ್ದು ಒಳಗೆ ಹೋದಳು. ನನ್ನ ಮನೆತನ, ಜಾತಿ ಎರಡೂ ಅವಳಿಗೆ ಗೊತ್ತಿತ್ತು. ತಂಗಿ ನನ್ನ ಮೊಣಕೈಯನ್ನು ಮೆಲ್ಲಗೆ ಚಿವುಟಿದಳು. ಸುಳ್ಳು ಹೇಳಬಹುದಿತ್ತು. ಆ ವಯಸ್ಸಿನಲ್ಲಿ, ಒಂದು ಮನೆಗಾಗಿ, ನನ್ನ ಅಪ್ಪನ ಹೆಸರನ್ನು ನುಂಗಲು ಆಗಲಿಲ್ಲ. ಹೇಳಿದೆ. ಅವರು ಕಪ್ಪು ಕೆಳಗಿಟ್ಟು, ಈ ಸಲ ಮಳೆ ಬೇಗ ಬಂತು ಎಂದರು.

ಮುಂದಿನ ರವಿವಾರ ಹೋದಾಗ ಅವರು ಕಟ್ಟೆಯ ಮೇಲೆಯೇ ಕೂತಿದ್ದರು. ಒಳಗೆ ಬರ್ರಿ ಎನ್ನಲಿಲ್ಲ.

"ಮನಿ ಮಾರೂದು ಸದ್ಯಕ್ಕ ಬ್ಯಾಡ ಅಂತ ವಿಚಾರ ಮಾಡೇವ್ರಿ, ಬಾಯಾರ."

"ಹೋದ ವಾರ ನೀವಽ ಬರಾಕ ಹೇಳಿದ್ರಿ."

"ಹೇಳಿದ್ದೆ, ಖರೆ. ನನಗೇನಿಲ್ರಿ, ನಾ ಅಂಥಾವಲ್ಲ. ಆದ್ರ ಓಣ್ಯಾಗ ಎಲ್ಲಾರೂ ಒಂದಽ ಮಂದಿ ಅದೇವು. ನಾಳೆ ನಿಮಗಽ ತ್ರಾಸ ಆಗಬಾರದು ಅಂತ ಹೇಳಾಕತ್ತೇನಿ."

"ನಿಮ್ಮ ಮೊಮ್ಮಗಳನ್ನ ಮೊದಲ ಎತ್ತಿದ ಕೈ ಇವು. ಅವತ್ತು ಅಡ್ಡಹೆಸರು ಕೇಳಲಿಲ್ಲಲ್ರಿ?"

ಅವರು ನೆಲ ನೋಡಿದರು. "ಅದು ಬ್ಯಾರೆ ಮಾತ್ರಿ. ಅದು ನಿಮ್ಮ ಕೆಲಸ."

ಕಿಟಕಿಯ ಹಿಂದೆ ಸೊಸೆಯ ಸೀರೆಯ ಬಣ್ಣ ಕಾಣುತ್ತಿತ್ತು. ಅವಳು ಹೊರಗೆ ಬರಲಿಲ್ಲ. ಬಸ್ಸು ಊರು ದಾಟಿತು. ಆಮೇಲೆ ತಂಗಿ, "ನೀ ಯಾಕ ಖರೆ ಹೇಳಿದಿ?" ಎಂದಳು. ಆ ಹಿರಿಯರ ಮಾತಿಗಿಂತ ನನ್ನ ಒಡಹುಟ್ಟಿದವಳ ಈ ಮಾತು ಹೆಚ್ಚು ಚುಚ್ಚಿತು. 

ಕೊನೆಗೆ ನಾನು ಮುಂಡಗೋಡದ ಹೊರಗೆ, ಹೊಸ ಬಡಾವಣೆಯಲ್ಲಿ ಮನೆ ತೆಗೆದುಕೊಂಡೆ. ಮಾರಿದವನು ಏನನ್ನೂ ಕೇಳಲಿಲ್ಲ. ಅವನಿಗೆ ಬೇಗ ಕೈತೊಳೆದುಕೊಳ್ಳುವುದಿತ್ತು. ನಾನು ಅಂದುಕೊಂಡ ಎಲ್ಲವೂ ಈ ಮನೆಯಲ್ಲಿದೆ. ಬಾಗಿಲು ಅಗಲ, ಬಚ್ಚಲು ಹತ್ತಿರ, ಬಿಸಿಲು ಮಂಚದವರೆಗೆ ಬರುತ್ತದೆ. ಸುತ್ತಲೂ ಮಾತ್ರ ಗಡಿಗಲ್ಲು ನೆಟ್ಟ ಖಾಲಿ ಸೈಟುಗಳು. ನಾನು ಕೂಗಿದರೆ ಕೇಳಿಸಿ ಓಗೊಡುವಷ್ಟು ಹತ್ತಿರ ಯಾರೂ ಇಲ್ಲ. ಇಷ್ಟು ವರ್ಷ ಮನೆಗಳನ್ನು ನೋಡಿದ ನಾನು ಆ ಮನೆಗಳ ಅಕ್ಕಪಕ್ಕವನ್ನು ನೋಡಿರಲೇ ಇಲ್ಲ. ಅಲ್ಲೆಲ್ಲ ಕರೆಯದಿದ್ದರೂ ಮಂಚ ಎತ್ತಲು ನಾಲ್ಕು ಜನ ತಾವಾಗಿ ಬರುತ್ತಿದ್ದರು. ಅದೂ ಮನೆಯದೇ ಭಾಗ ಎಂದು ನನಗೆ ಹೊಳೆದಿರಲಿಲ್ಲ.

ಎರಡು ವರ್ಷದ ಮೇಲೆ ಒಂದು ದಿನ ಆ ಸೊಸೆ ಫೋನ್ ಮಾಡಿದಳು.

"ಸಿಸ್ಟರ್, ನನಗ ಬೈಬ್ಯಾಡ್ರಿ."

ಗಣೇಶಗುಡಿಯಲ್ಲಿ ಹೋಮ್‌ಸ್ಟೇ ನಡೆಸುವ ಗೋವಾದವರೊಬ್ಬರಿಗೆ ಆ ಮನೆ ಮಾರಿಹೋಗಿತ್ತಂತೆ. ವರ್ಷಕ್ಕೆ ಎರಡು ಸಲ ಬಂದು ಕೀಲಿ ತೆಗೆದು ಹೋಗುತ್ತಾರಂತೆ. ಅವರಿಗೆ ಅಡ್ಡಹೆಸರು ಕೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದ್ದರೆ ಉತ್ತರ ಸರಿಯಾಗಿಯೇ ಇತ್ತೆಂದು ಕಾಣುತ್ತದೆ.

ಅವಳು ಫೋನ್ ಮಾಡಿದ್ದು ಅದಕ್ಕಲ್ಲ. ಮಾವನಿಗೆ ಪಾರ್ಶ್ವವಾಯು ಬಡಿದಿತ್ತು. ಬೆನ್ನಿಗೆ ಹಾಸಿಗೆ ಹುಣ್ಣಾಗಿತ್ತು. "ನಿಮ್ಮಂಗ ಡ್ರೆಸಿಂಗ್ ಯಾರೂ ಮಾಡಂಗಿಲ್ರಿ. ಒಮ್ಮೆ ಬಂದು ತೋರಿಸಿ ಹೋಗ್ರಿ."

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಗಾಯ ತೊಳೆಯುವುದು, ಯಾವ ವಾಸನೆ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳಿಂದ ಎರಡು ಸಲ ಹೇಳಿಸಿಕೊಂಡೆ, ಒಂದೂ ತಪ್ಪಬಾರದೆಂದು.

"ಬರ್ತೀರಿ, ಹೌದಲ್ರಿ?"

"ಇಲ್ಲವ್ವಾ. ನಾ ಬರಂಗಿಲ್ಲ."

ಮೂವತ್ತು ವರ್ಷದ ಕೆಲಸದಲ್ಲೂ ಆಮೇಲೂ ಹಾಸಿಗೆ ಹಿಡಿದವರ ಮನೆಯವರಿಗೆ ನಾನು ಹಾಗೆ ಹೇಳಿದ್ದು ಅದೊಂದೇ ಸಲ. ಹಿರಿಯರು ಆ ಮಳೆಗಾಲದಲ್ಲೇ ತೀರಿಕೊಂಡರು. ಆಗಲೂ ನಾನು ಹೋಗಲಿಲ್ಲ.

"ಈಗ ಸಮಾಧಾನ ಆತೇನು?" ಎಂದು ತಂಗಿ ಕೇಳಿದಳು.

ಆಗಿರಲಿಲ್ಲ. ಹೋಗಿದ್ದರೂ ಆಗುತ್ತಿರಲಿಲ್ಲ.