ಸಾಬೂನು ಕಾರ್ಖಾನೆಯ ಮೋಟರು

ಸರ್ಕಾರ ಬಿದ್ದ ವಾರವೇ ಸಾಬೂನು ಕಾರ್ಖಾನೆಯೂ ಬಾಗಿಲು ಹಾಕಿತು. ಮಂತ್ರಿಗಳು ಖಜಾನೆ ಬಳಿದುಕೊಂಡು ವಿಮಾನ ಹತ್ತಿದರೆ, ಕಾರ್ಮಿಕರು ಸಂಬಳದ ಬದಲು ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಮನೆ ಸೇರಿದರು. ಒಬ್ಬ ಕಿಟಕಿ ಕಿತ್ತ, ಇನ್ನೊಬ್ಬ ಗೋಡೆ ಗಡಿಯಾರ ಇಳಿಸಿದ. ಗುಮಾಸ್ತನಂತೂ ಮ್ಯಾನೇಜರನ ತಿರುಗು ಕುರ್ಚಿಯನ್ನೇ ತಲೆಯ ಮೇಲಿಟ್ಟುಕೊಂಡು ಬಂದ. ಪ್ಯಾಕಿಂಗ್ ವಿಭಾಗದ ಅಕ್ಕ ಸಣ್ಣಪುಟ್ಟದ್ದಕ್ಕೆ ಕೈ ಹಾಕುವವಳಲ್ಲ. ಸಾಬೂನಿನ ಕಡಾಯಿ ತಿರುಗಿಸುವ ದೊಡ್ಡ ಮೋಟರನ್ನೇ ಬಿಚ್ಚಿಸಿ ತಂದಳು. ಅದೂ ಹಾಡಹಗಲಲ್ಲಿ. ಗಾಡಿ ತಳ್ಳಿದವನು ಕಾರ್ಖಾನೆಯ ಕಾವಲುಗಾರ.

ಮೋಟರಿಗೆ ಹಸಿರು ಬಣ್ಣ ಬಳಿದು, ಬೀಸುವ ಕಲ್ಲು ಜೋಡಿಸಿ, ಹಿಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಅಂದಿನಿಂದ ಅವಳು ಊರಿಗೆಲ್ಲ ಗಿರಣಿ ಅಕ್ಕ. ನೋಟಿಗೆ ಕಿಮ್ಮತ್ತಿಲ್ಲದ ಆ ವರ್ಷಗಳಲ್ಲಿ ಕೂಲಿಗೆ ಹಿಟ್ಟನ್ನೇ ಹಿಡಿದುಕೊಂಡು ಮೂರು ಮಕ್ಕಳನ್ನು ಸಾಕಿದಳು. ಗಂಡನನ್ನೂ ಸಾಕಿದಳು. ಅವನು ಕಾರ್ಖಾನೆಯ ಫಿಟ್ಟರು, ಯೂನಿಯನ್ ಲೀಡರು. ಊರೆಲ್ಲ ಹೊತ್ತೊಯ್ಯುವಾಗ ಒಂದು ಮೊಳೆಯನ್ನೂ ಮುಟ್ಟಿದವನಲ್ಲ. ಅದನ್ನು ದಿನಾ ಹೇಳಿಕೊಳ್ಳದೆ ಇದ್ದವನೂ ಅಲ್ಲ. ಬಿಸಿ ರೊಟ್ಟಿ ಮುರಿಯುತ್ತಾ, "ಈ ದೇಶ ಹಾಳಾಗಿದ್ದೇ ಕಳ್ಳರಿಂದ ಕಣೇ" ಎಂದು ಭಾಷಣ ಬಿಗಿಯುವನು. ಆ ಮೋಟರನ್ನು ಎಷ್ಟೋ ಸಲ ತಾನೇ ಬಿಚ್ಚಿ ಕಟ್ಟಿದ ಮಹಾನುಭಾವನಿಗೆ ಗೋಡೆಯಾಚೆಯ ಅದರ ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ!

ಕೊನೆಗೊಂದು ಹೊಸ ಸರ್ಕಾರ ಬಂತು. ದೇಶ ಕಟ್ಟೋಣ ಬನ್ನಿ ಎಂದು ರೇಡಿಯೊ ಬಡಿದುಕೊಂಡಿತು. ಸಾಮಾನು ವಾಪಸ್ ಬಂದರೆ ಕಾರ್ಖಾನೆ ತೆರೆಯುತ್ತದೆ, ಯಾರನ್ನೂ ಏನೂ ಕೇಳುವುದಿಲ್ಲ ಎಂದು ಸಾರಿದರು. ವಸೂಲಿ ಸಮಿತಿಗೆ ಲೀಡರೇ ಅಧ್ಯಕ್ಷ, ಇನ್ಯಾರು? ಕಿಟಕಿ ಬಂತು, ಗಡಿಯಾರ ಬಂತು, ಕುರ್ಚಿಯೂ ಕುಂಟುತ್ತಾ ಬಂತು. ಮೋಟರು ಮಾತ್ರ ಬರಲಿಲ್ಲ; ಅದರ ಹಿಟ್ಟು ತಿಂದವರು ಯಾರೂ ಅದರ ಸುಳಿವು ಕೊಡಲಿಲ್ಲ. ಅದಿಲ್ಲದೆ ಕಡಾಯಿ ತಿರುಗುವಂತಿರಲಿಲ್ಲ.

ಮನೆಮನೆ ತಿರುಗಿದ ಸಮಿತಿ ಲೀಡರನ ಮನೆ ಬಾಗಿಲಿಗೂ ಬಂತು. ಒಳಗೆ ಗಿರಣಿ ಗುರ್ರೆನ್ನುತ್ತಿತ್ತು. ಸಮಿತಿಯ ಜೊತೆಗಿದ್ದ, ಸರ್ಕಾರ ಕಳಿಸಿದ ಹೊಸ ಇಂಜಿನಿಯರು ಕಿವಿ ನಿಮಿರಿಸಿದ.

"ಇದು ನಮ್ಮನೆ ಸಾರ್. ಇಲ್ಲೇನೂ ಇಲ್ಲ, ನಡೀರಿ" ಎಂದ ಲೀಡರು.

ಬಾಗಿಲ ಹಿಂದೆ ನಿಂತಿದ್ದ ಅಕ್ಕ ಕೇಳಿಸಿಕೊಂಡಳು. ಪಾಪ, ತನಗೋಸ್ಕರ ಸುಳ್ಳು ಹೇಳಿಬಿಟ್ಟನಲ್ಲ! ರಾತ್ರಿಯೆಲ್ಲ ಹೊರಳಾಡಿದಳು. ಕೊಟ್ಟರೆ ಗಿರಣಿ ಹೋಯಿತು, ಕಾಸಿಗೂ ಗಂಡನ ಮುಂದೆ ಕೈ ಚಾಚಬೇಕು. ಕೊಡದಿದ್ದರೆ ಬೀದಿಗೆ ಬೀದಿಯೇ ಕೆಲಸವಿಲ್ಲದೆ ಕೂರಬೇಕು, ಅವನೂ ಕೂರಬೇಕು. ಬೆಳಿಗ್ಗೆ ಮೋಟರನ್ನು ಬಿಚ್ಚಿಸಿ, ಗಾಡಿಗೆ ಹಾಕಿಸಿ, ಕಾರ್ಖಾನೆಗೆ ತಾನೇ ತಳ್ಳಿಕೊಂಡು ಹೋದಳು.

ಗೇಟಿನಲ್ಲಿ ಜನ ಹೋ ಎಂದರು. ಇಂಜಿನಿಯರು ಕುಣಿದಾಡುವುದೊಂದು ಬಾಕಿ. "ಎಲ್ಲಿತ್ತು ಇದು ಇಷ್ಟು ದಿನ?"

ಲೀಡರು ಎದೆಯುಬ್ಬಿಸಿ ಮುಂದೆ ಬಂದ. "ನಾನೇ ಜೋಪಾನ ಮಾಡಿಟ್ಟಿದ್ದೆ ಸಾರ್. ದೇಶದ ಆಸ್ತಿ, ಕಳ್ಳರ ಪಾಲಾಗಬಾರದು ನೋಡಿ!"

ಚಪ್ಪಾಳೆಯೋ ಚಪ್ಪಾಳೆ. ಇಂಜಿನಿಯರು ಅವನ ಕೈ ಹಿಡಿದು ಕುಲುಕಿದ. ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಕದ್ದೋಳು ನಾನು ರೀ!" ಎಂದು ಕೂಗಿದಳು. ಚಪ್ಪಾಳೆ ನಿಂತಿತು. "ಬಿಚ್ಚಿಸಿದ್ದು ನಾನು, ತಂದಿದ್ದು ನಾನು, ನಿಮ್ಮನ್ನೂ ಸೇರಿಸಿ ಐದು ಹೊಟ್ಟೆ ತುಂಬಿಸಿದ್ದು ನಾನು. ಆವಾಗ ಕಿವುಡಾಗಿದ್ರಿ, ಈಗ ಬಾಯಿ ಬಂತಾ? ಗಿರಣಿ ಕೊಟ್ಟಿದೀನಿ, ತಗೊಳ್ಳಿ. ನನ್ನ ಕಳ್ಳತನಾನೂ ಕಿತ್ಕೋಬೇಡಿ!"

ಅಕ್ಕ ಖಾಲಿ ಗಾಡಿ ತಿರುಗಿಸಿಕೊಂಡು ಹೊರಟಳು. ಮನೆಯ ಮುಂದೆ ಕಾಳಿನ ಚೀಲ ಹಿಡಿದು ಹೆಂಗಸರು ಸಾಲುಗಟ್ಟಿ ನಿಂತಿದ್ದರು. ಅವರಿಗೆ ಏನೆಂದು ಹೇಳುವುದು?