ಬಂಗಾರ ಅಲ್ಲ ಅಂದಾಗ ನಕ್ಕೆ

ಲಿಂಗಸುಗೂರಿನಲ್ಲಿ ಚಿನ್ನದ ಕೆಲಸ ಮಾಡುವ ಪತ್ತಾರರು ನನ್ನ ಕಲ್ಲಿನ ಮೇಲೆ ಸುತ್ತಿಗೆ ಎತ್ತಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಮಸ್ಕಿ ಬಳಿಯ ನಮ್ಮ ಹೊಲದಲ್ಲಿ ಸಿಕ್ಕ, ಹಳದಿಯಾಗಿ ಮಿನುಗುವ ಕಲ್ಲದು. ಚಿನ್ನದ ಗಣಿ ಇರುವ ಸೀಮೆ ನಮ್ಮದು. ಇದೂ ಬಂಗಾರವೇ ಆದರೆ ಸರ್ಕಾರದವರು ಹೊಲ ಬಿಡಿಸಿಕೊಂಡು ಗಣಿ ತೋಡುತ್ತಾರೆ ಎಂದು ಎಂಟು ದಿನ ಒದ್ದಾಡಿದ್ದೆ. ಹೆಂಡತಿ ಮಾತ್ರ ಆಗಲೇ ಎರಡೆಳೆ ಸರದ ಕನಸಿನಲ್ಲಿದ್ದಳು.

ಪೆಟ್ಟು ಬಿತ್ತು. ಕಲ್ಲು ಪುಡಿಯಾಗಿ, ಪಟಾಕಿ ಸುಟ್ಟಂಥ ವಾಸನೆ ಬಂತು.

"ಬಂಗಾರ ಇದ್ರ ಬಡದಂಗ ಹಪ್ಪಳ ಆಗತೈತ್ರಿ, ಹಿಂಗ ಪುಡಿ ಆಗಂಗಿಲ್ಲ. ಇದು ಬರೇ ಕಬ್ಬಿಣ, ಗಂಧಕ ಕೂಡಿದ ಕಲ್ಲು" ಎಂದರು.

ನಾನು ಜೋರಾಗಿ ನಕ್ಕುಬಿಟ್ಟೆ. ಪತ್ತಾರರು ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು.

"ಇಂಥಾ ಕಲ್ಲು ತಂದೋರು ಎಲ್ಲಾರೂ ಮಾರಿ ಸಣ್ಣ ಮಾಡ್ಕೊಂಡು ಹೋಗ್ಯಾರ. ನೀವೊಬ್ರ ನೋಡ್ರಿ, ಮಗಳ ಲಗ್ನ ಗೊತ್ತಾದಂಗ ನಗಾಕತ್ತೀರಿ!"

ಕಾರಣ ಹೇಳಿದೆ. ಅವರೂ ನಕ್ಕು ಚಹಾ ತರಿಸಿದರು. ಹೊರಡುವಾಗ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟು, "ಮನಿಯಾಗ ಅಕ್ಕಾರಿಗೆ ತೋರಸ್ರಿ, ಇಲ್ಲಂದ್ರ ನಂಬಂಗಿಲ್ಲ" ಎಂದರು.

ಈಗ ಹೊಲಕ್ಕೆ ಹೋದಾಗಲೆಲ್ಲ ಬದುವಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಇಷ್ಟು ವರ್ಷ ಹೊಲವನ್ನು ಹೀಗೆ ಕಣ್ತುಂಬ ನೋಡಿಯೇ ಇರಲಿಲ್ಲ. ತೊಗರಿಗೆ ಹುಳ ಬಿದ್ದೀತೆಂಬ ಚಿಂತೆ ಮೊನ್ನೆಯಿಂದ ಶುರುವಾಗಿದೆ, ನಿಜ. ಆದರೆ ಅದು ಹಳೆಯ ಪರಿಚಯದ ಚಿಂತೆ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬುತ್ತಿ ಬಿಚ್ಚುತ್ತೇನೆ.