ಆರನೆಯ ಹಾಸಿಗೆ

ಮೊನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಸಣ್ಣ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಬೆಲ್ಲದ ಪಾಕದಲ್ಲಿ ಕುದಿಸಿ ಒಣಗಿಸಿದ ಶುಂಠಿಯ ಚೂರುಗಳು. ಬಸ್ಸಿನಲ್ಲಿ ಹೊಟ್ಟೆ ತೊಳಸದಿರಲಿ ಎಂದು ಇಟ್ಟುಕೊಂಡಿದ್ದರಂತೆ. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಈ ಕೆ.ಆರ್.ಪೇಟೆಯಲ್ಲಿರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತಿದ್ದೆ...

ಊರೆಲ್ಲ ಅವರನ್ನು ಗಿರಣಿ ಅಕ್ಕ ಎನ್ನುತ್ತಿತ್ತು. ನನಗೂ ಅಕ್ಕನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಮಹಡಿಯ ಮೇಲೆ ಬಾಡಿಗೆಗಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಗಿರಣಿ ಮಾರಿಬಿಡಬೇಕೆಂದು ಪಾಂಡವಪುರದಲ್ಲಿದ್ದ ಭಾವ ಹಟ ಹಿಡಿದರಂತೆ. ಅಕ್ಕ ಒಪ್ಪಲಿಲ್ಲ. ಅಂದಿನಿಂದ ಆ ಮನೆಯೊಂದಿಗೆ ಮಾತಿರಲಿಲ್ಲ. ಭಾವನ ಹೆಂಡತಿ, ಮದುವೆಯಾಗಿ ಬಂದಾಗ ಅಕ್ಕನೊಂದಿಗೆ ಒಂದೇ ಒಲೆಯ ಮುಂದೆ ಕೂತು ಮುದ್ದೆ ಕಟ್ಟಿದ ಓರಗಿತ್ತಿ, ಅವರೂ ಮಾತು ಬಿಟ್ಟಿದ್ದರು. ಇದನ್ನೆಲ್ಲ ಅಕ್ಕ ಒಮ್ಮೆ ಮಾತ್ರ ಹೇಳಿದ್ದರು, ಅದೂ ಗಿರಣಿಯ ಸದ್ದಿನ ನಡುವೆ.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು ಕೂತಿದ್ದ ಅಕ್ಕ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ನೀಲಿ ನೀರಿನ ಮೇಲೆ ಬಿಳಿಯ ಹಾಯಿದೋಣಿ.

"ಅಂಡಮಾನಂತೆ ಟೀಚರಮ್ಮ. ಇಡೀ ದೋಣಿನೇ ಬಾಡಿಗೆಗೆ ಕೊಡ್ತಾರಂತೆ. ಅಲ್ಲೇ ಉಣ್ಣೋದು, ಅಲ್ಲೇ ಮಲಗೋದು. ಒಂದು ವಾರ, ದಿನಕ್ಕೊಂದು ದ್ವೀಪ. ನಾನೋಯ್ತೀನಿ."

ನಾನು ನಕ್ಕುಬಿಟ್ಟೆ. ಅಕ್ಕನಿಗೆ ಬಸ್ಸೇ ಆಗುತ್ತಿರಲಿಲ್ಲ. ಮೈಸೂರಿಗೆ ಹೊರಟರೂ ದಾರಿಯಲ್ಲಿ ವಾಂತಿ.

"ನಗ್ಬೇಡ ಕಣವ್ವ. ನಾವಿರೋದೇ ದ್ವೀಪದಲ್ಲಿ. ಸುತ್ತ ಕಾವೇರಿ ಅವಳೆ. ಒಂದು ದ್ವೀಪದೋಳು ಇನ್ನೊಂದು ದ್ವೀಪ ನೋಡ್ಬಾರ್ದು ಅಂತ ಎಲ್ಲಾರ ಬರ್ದದಾ?"

ಮರುದಿನ ನನ್ನಿಂದಲೇ ಫೋನ್ ಮಾಡಿಸಿದರು. ದೋಣಿಯವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ದೋಣಿಯಲ್ಲಿ ಆರು ಹಾಸಿಗೆ. ಆರು ಜನ ಹಂಚಿಕೊಂಡರಷ್ಟೇ ನಮ್ಮಂಥವರಿಗೆ ಕೈಗೆಟುಕುವ ಬಾಡಿಗೆ. ಏಪ್ರಿಲ್‌ನಲ್ಲಿ ಸಮುದ್ರ ಶಾಂತವಾಗಿರುತ್ತದೆ. ನನಗೂ ರಜೆ. "ಅಂಗಾದ್ರೆ ನೀನೊಬ್ಬಳು ಆದೆ" ಎಂದರು ಅಕ್ಕ. ನಾನು ಬರುತ್ತೇನೆಂದು ಹೇಳಿರಲೇ ಇಲ್ಲ!

ಆಮೇಲೆ ಶುರುವಾಯಿತು ಜನ ಹುಡುಕುವ ಕೆಲಸ. ಭಾನುವಾರಗಳಂದು ಗಿರಣಿಗೆ ಬೀಗ ಹಾಕಿ, ಬಾಯಿಗೆ ಶುಂಠಿಯ ಚೂರು, ಕೈಗೆ ಪ್ಲಾಸ್ಟಿಕ್ ಕವರು ಹಿಡಿದು ಅಕ್ಕ ಬಸ್ಸು ಹತ್ತುತ್ತಿದ್ದರು. ಇದೇ ಕೆ.ಆರ್.ಪೇಟೆಯಲ್ಲಿ ಅವರ ಬಾಲ್ಯದ ಗೆಳತಿಯಿದ್ದರು, ನಿವೃತ್ತ ನರ್ಸು. ಅವರೂ ಅವರ ತಂಗಿಯೂ ಎರಡನೆಯ ಭೇಟಿಗೆ ಒಪ್ಪಿದರು. ನಾಗಮಂಗಲದಲ್ಲಿದ್ದ ನನ್ನ ಅತ್ತಿಗೆ, ಮನೆಯಲ್ಲಿ ಹಸು ನೋಡಿಕೊಳ್ಳುವವರು ಯಾರು ಎಂದು ರಾಗ ಎಳೆದರು. ಅಕ್ಕ ನೇರ ನನ್ನ ಅಣ್ಣನ ಮುಂದೆ ಹೋಗಿ ನಿಂತು, "ಒಂದು ವಾರ ಆಲು ಕರೆಯಕ್ಕೆ ನಿಂಗೇನಪ್ಪ ಕಷ್ಟ?" ಎಂದರು. ಅಣ್ಣ ತಲೆ ಕೆರೆದುಕೊಂಡು ಹೂಂ ಎಂದ.

ಐದು ಜನವಾದೆವು. ಅತ್ತಿಗೆಯ ಪಕ್ಕದ ಮನೆಯಾಕೆ ತಾನೂ ಬರುತ್ತೇನೆ ಎಂದು ಹೇಳಿ ಕಳಿಸಿದರು. ಅಕ್ಕ ಬೇಡವೆಂದರು. ಯಾಕೆಂದು ಕೇಳಿದರೆ ಗಿರಣಿಯ ಬೆಲ್ಟು ಬಿಗಿಯತೊಡಗಿದರು. ಮುಂದಿನ ಭಾನುವಾರ ನನ್ನನ್ನು ಪಾಂಡವಪುರದ ಬಸ್ಸು ಹತ್ತಿಸಿದಾಗಲೇ ನನಗೆ ಅರ್ಥವಾದದ್ದು.

ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಸೆರಗು ಸರಿಮಾಡಿಕೊಂಡು ಅಕ್ಕ ಸರಸರ ನಡೆದರು. ಓರಗಿತ್ತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ನೋಡಿ ಅವರ ಕೈ ನಿಂತಿತು.

"ಬಾ ಅನ್ನಲ್ವಾ ಅಕ್ಕಾ?" ಎಂದರು ಗಿರಣಿ ಅಕ್ಕ, ತಮಗಿಂತ ಹಿರಿಯರಾದ ಓರಗಿತ್ತಿಗೆ.

"ಬಂದಿದ್ದೀಯಲ್ಲ."

ಅಕ್ಕ ಎದುರಿಗೆ ಕೂತು ತಾವೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದರು. ಇಬ್ಬರ ನಡುವೆ ಸಿಪ್ಪೆ ಗುಡ್ಡೆಯಾಯಿತು. ಆಮೇಲೆ ತಲೆ ಎತ್ತದೆಯೇ ಹೇಳಿದರು: "ಸಮುದ್ರಕ್ಕೋಯ್ತಿದ್ದೀವಿ. ದೋಣೀಲಿ ಐದು ಆಸಿಗೆ ತುಂಬೋದ್ವು. ಆರನೇದು ನಿಂಗೆ ಅಂತ ಮಡಗಿದ್ದೀನಿ."

ಒಳಗಿನಿಂದ ಭಾವನ ದನಿ ಬಂತು. "ಯಾವ ದೋಣಿ? ಯಾರ್ನ ಕೇಳ್ಕೊಂಡು ಒಂಟವ್ರೆ?"

"ನೀವೊಸಿ ಸುಮ್ಕಿರಿ" ಎಂದರು ಓರಗಿತ್ತಿ. ಆ ಮನೆಯಲ್ಲಿ ಆ ಮಾತನ್ನು ಅವರು ಮೊದಲ ಸಲ ಆಡಿದರೇನೋ. ಆಡಿದ ಮೇಲೆ ಅವರೇ ಬೆಚ್ಚಿ ಬಾಗಿಲ ಕಡೆ ನೋಡಿದರು. ನಂತರ ಅಕ್ಕನತ್ತ ತಿರುಗಿ, "ನಿಂಗೆ ಬಸ್ಸೇ ಆಗಕಿಲ್ಲ. ಸಮುದ್ರದಲ್ಲಿ ನಿನ್ನ ತಲೆ ಯಾರು ಇಡ್ಕೋತಾರೆ?"

"ಅದಕ್ಕೇ ಕಣಕ್ಕ ನಿನ್ನ ಕರೀತಿರೋದು."

ಓರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ವಾಪಸು ಹೊರಟಾಗ ನಮಗೆ ಒಂದು ಚೀಲ ಕಾಳು ಕೊಟ್ಟರು.

ಮುಂದಿನ ತಿಂಗಳುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಹೊಯ್ದಾಟ ರೂಢಿಯಾಗಲಿ ಎಂದು ಅಕ್ಕ ಗಂಜಾಂನಲ್ಲಿ, ನಿಮಿಷಾಂಬ ದೇವಸ್ಥಾನದ ಕೆಳಗೆ, ಹರಿಗೋಲು ಹತ್ತುತ್ತಿದ್ದರು. "ಇನ್ನೊಸಿ ಜೋರಾಗಿ ತಿರುಗ್ಸಪ್ಪ" ಎಂದು ಹರಿಗೋಲಿನವನಿಗೆ ತಾಕೀತು. ದಡಕ್ಕೆ ಬಂದು ವಾಂತಿ ಮಾಡಿ, ಮುಖ ತೊಳೆದು, ಮತ್ತೆ ಹತ್ತುವುದು. ದೋಣಿಯಲ್ಲಿ ಜಾಗ ಕಡಿಮೆ, ಮಡಚಿ ಇಡಬಹುದಾದ ಬಟ್ಟೆಯ ಬ್ಯಾಗನ್ನೇ ತನ್ನಿ ಎಂದಿದ್ದರು ಅಂಡಮಾನಿನವರು. ಹಳೆಯ ಜಮಖಾನ ಕತ್ತರಿಸಿ ಅಕ್ಕ ಆರು ಜನಕ್ಕೂ ತಾವೇ ಹೊಲಿದರು. ಗಿರಣಿಗೆ ಒಂದು ವಾರ ರಜೆ ಎಂದು ಬೋರ್ಡು ಬರೆಸಿದಾಗ ಹಿಟ್ಟಿಗೆ ಬಂದವರು ಜಗಳಕ್ಕೇ ನಿಂತರು. ಅಕ್ಕ ಬೋರ್ಡು ತೆಗೆಯಲಿಲ್ಲ.

ಹೋದೆವು. ಮೊದಲ ದಿನ ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಶುಂಠಿ, ಮಾತ್ರೆ, ಹರಿಗೋಲಿನ ಅಭ್ಯಾಸ ಯಾವುದೂ ಕೆಲಸಕ್ಕೆ ಬರಲಿಲ್ಲ. ಅಕ್ಕ ಅಂಚಿಗೆ ಒರಗಿ ವಾಂತಿ ಮಾಡಿಕೊಂಡರು, ಮತ್ತೆ, ಮತ್ತೆ. ಓರಗಿತ್ತಿ ಅವರ ಹಣೆ ಒತ್ತಿ ಹಿಡಿದು ಕೂತರು. ಬೆಳಗಿನಿಂದ ಸಂಜೆಯವರೆಗೆ ಆ ಕೈ ತೆಗೆಯಲಿಲ್ಲ. ಕ್ಯಾಪ್ಟನ್ ಹೆದರಿದ. ವಾಪಸು ಹೋಗೋಣವೇ ಎಂದು ನನ್ನಿಂದ ಕೇಳಿಸಿದ.

"ಒಳಗಿರೋದೆಲ್ಲ ಆಚೆ ಬಂದಾಯ್ತು" ಎಂದರು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಇನ್ನೇನು ಬತ್ತದೆ? ಮುಂದಕ್ಕೋಗು ಅನ್ನು."

ಮೂರನೆಯ ದಿನ ಎದ್ದು ಕೂತರು. ಗಂಜಿ ಕುಡಿದರು. ಮಧ್ಯಾಹ್ನ ಕ್ಯಾಪ್ಟನ್ ಅವರ ಕೈಗೆ ದೋಣಿಯ ಚುಕ್ಕಾಣಿಯ ಚಕ್ರ ಕೊಟ್ಟ. ಗಿರಣಿಯ ಬೆಲ್ಟಿನ ಮುಂದೆ ನಿಲ್ಲುವ ಹಾಗೆಯೇ ಕಾಲು ಅಗಲಿಸಿ, ಸೆರಗು ಬಿಗಿದು ನಿಂತರು. ದೂರದಲ್ಲಿ ಹಸಿರು ಗುಡ್ಡದಂತೆ ಒಂದು ದ್ವೀಪ. ಅತ್ತ ನಾವೆಲ್ಲ ಬೆರಳು ತೋರಿಸಿ ಕೂಗುತ್ತಿದ್ದೆವು. ಅಕ್ಕ ಚಕ್ರವನ್ನು ಅತ್ತಲೇ ತಿರುಗಿಸಿದರು. ಅವರ ಮುಖ ಅಷ್ಟು ತಿಳಿಯಾಗಿದ್ದುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಉಳಿದ ಸಂಜೆಗಳಲ್ಲಿ, ಯಾವುದೋ ದ್ವೀಪದ ಬಳಿ ಲಂಗರು ಹಾಕಿದ ಮೇಲೆ, ಓರಗಿತ್ತಿಯರಿಬ್ಬರೂ ದೋಣಿಯ ಮೂತಿಯ ಕಡೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಒಮ್ಮೆ ಜಗಳದ ದನಿ ಕೇಳಿತು. ಒಮ್ಮೆ ಅಳು. ಕೊನೆಯ ಸಂಜೆ ಇಬ್ಬರೂ ಏನನ್ನೋ ನೆನೆದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾವು ನಾಲ್ವರೂ ಹತ್ತಿರ ಹೋಗಲಿಲ್ಲ...

ಅದೇ ವರ್ಷದ ಮಳೆಗಾಲದಲ್ಲಿ ಅಕ್ಕ ಹೋಗಿಬಿಟ್ಟರು. ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆದು, ಎದೆ ನೋವೆಂದು ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ಯಲೂ ಸಮಯ ಸಿಗಲಿಲ್ಲ. ತಿಥಿಯ ದಿನ ಭಾವ ಅಂಗಳದ ಮೂಲೆಯಲ್ಲಿ ಒಬ್ಬರೇ ನಿಂತಿದ್ದರು. ಅಡುಗೆಯನ್ನೆಲ್ಲ ಓರಗಿತ್ತಿ ತಾವೇ ಮಾಡಿದರು, ಇನ್ನೊಬ್ಬರಿಗೆ ಸೌಟು ಮುಟ್ಟಲು ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದರು: "ವರ್ಷಗಟ್ಟಲೆ ಮಾತಾಡ್ದೆ ಕಳ್ದ್‌ಬುಟ್ವಿ ಕಣವ್ವ. ಅದೊಂದು ವಾರನೂ ಇಲ್ದೋಗಿದ್ರೆ ನಾನು ಈಗ ಏನ್ಮಾಡ್ತಿದ್ದೆ?"



ಗಿರಣಿ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಯಿದೆ. ನನಗೆ ಇಲ್ಲಿಗೆ ವರ್ಗವಾಗಿ ಕೆಲವು ವರ್ಷಗಳಾದವು. ಶ್ರೀರಂಗಪಟ್ಟಣದ ಮೇಲೆ ಹಾದು ಹೋಗುವಾಗ ಕೋಟೆಯೊಳಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಆದರೆ ಮೊನ್ನೆ ಸಂಜೆ ಶಾಲೆಯಿಂದ ಬಂದವಳೇ ಪಾಂಡವಪುರಕ್ಕೆ ಫೋನ್ ಮಾಡಿದೆ. ಈ ಬೇಸಿಗೆಗೆ ಮತ್ತೆ ಹೋಗೋಣ, ಜನ ನಾನು ಹುಡುಕುತ್ತೇನೆ ಎಂದೆ.

"ಅವಳಿಲ್ದೆ ಎಂಗಿರ್ತದೋ ನಂಗೊತ್ತಿಲ್ಲ" ಎಂದರು ಓರಗಿತ್ತಿ. "ಬರ್ತೀನಿ."